ಈಗಲ್ಸ್ ಸೋದರ ಸಂಘ: ಲಾಂಛನ ಮತ್ತು ರಾಜಕೀಯ ಪ್ರಚಾರ

ಫ್ರಾಟರ್ನಲ್ ಆರ್ಡರ್ ಆಫ್ ಈಗಲ್ಸ್ ಅಮೆರಿಕದ ಸಿಯಾಟಲ್‌ನಲ್ಲಿ 1898ರ ಫೆಬ್ರವರಿಯಲ್ಲಿ ಹುಟ್ಟಿತು. ಸಂಗೀತಗಾರರ ಮುಷ್ಕರದ ಬಗ್ಗೆ ಮಾತಾಡಲು ಹಡಗುಕಟ್ಟೆಯೊಂದರಲ್ಲಿ ಕೂಡಿದ್ದ ಜಾನ್ ಕಾರ್ಟ್, ಜಾನ್ ಕನ್ಸಿಡೈನ್ ಮೊದಲಾದ ಆರು ಮಂದಿ ರಂಗಮಂದಿರದ ಮಾಲೀಕರೇ ಇದರ ಸ್ಥಾಪಕರು. ಬಿಳಿತಲೆಯ ಹದ್ದು ಲಾಂಛನವಾಯಿತು. ಸ್ವಾತಂತ್ರ್ಯ, ಸತ್ಯ, ನ್ಯಾಯ, ಸಮಾನತೆ ಎಂಬ ನಾಲ್ಕು ಮಾತುಗಳು ಧ್ಯೇಯವಾದವು.

ಇಂಥ ಸಂಘಗಳ ಚಿಹ್ನೆಗೆ ಮತ ತರುವ ಶಕ್ತಿಯಿದೆ ಎಂಬುದು ಅಮೆರಿಕದ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮತ್ತೊಂದು ಸೋದರ ಸಂಘದವರಾದ ಫ್ರೀಮೇಸನ್ನರು ತಮ್ಮ ಲಾಡ್ಜ್‌ನೊಳಗೆ ಪಕ್ಷ ರಾಜಕೀಯದ ಚರ್ಚೆಗೇ ಅವಕಾಶ ಕೊಡುತ್ತಿರಲಿಲ್ಲ. ಈಗಲ್ಸ್ ಸಂಘದ ಹೆಸರು ಹೆಚ್ಚು ಕೇಳಿಬಂದದ್ದು ಶಾಸನಗಳ ಹೋರಾಟದಲ್ಲಿ. ಅದರ ದೊಡ್ಡ ಸಾಧನೆ ವೃದ್ಧಾಪ್ಯ ವೇತನ. ದುಡಿದು ಸವೆದ ಮುದುಕರಿಗೆ ಅನಾಥಾಲಯದಂಥ ಬಡವರ ಮನೆಯೇ ಗತಿಯಾಗಿದ್ದ 1920ರ ದಶಕದಲ್ಲಿ, ಫ್ರಾಂಕ್ ಹೆರಿಂಗ್ ನೇತೃತ್ವದಲ್ಲಿ ಸಂಘ ರಾಜ್ಯದಿಂದ ರಾಜ್ಯಕ್ಕೆ ಪ್ರಚಾರ ನಡೆಸಿತು. ಊರೂರಿನ ಶಾಖೆಗಳೇ ಇದಕ್ಕೆ ಸಿದ್ಧ ವೇದಿಕೆಯಾದವು. 1923ರಲ್ಲಿ ಮೊಂಟಾನಾ, 1933ರಲ್ಲಿ ವಾಷಿಂಗ್ಟನ್ ರಾಜ್ಯ ವೇತನದ ಕಾನೂನು ತಂದವು. 1935ರ ಆಗಸ್ಟ್ 14ರಂದು, ಸ್ವತಃ ಈಗಲ್ಸ್ ಸದಸ್ಯರಾಗಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ದೇಶಮಟ್ಟದಲ್ಲಿ ವೃದ್ಧಾಪ್ಯ ವೇತನ ತಂದ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಧ್ಯೇಯವಾಕ್ಯದ 'ನ್ಯಾಯ' ಬಡವರ ಕೈಗೆ ಹಣವಾಗಿ ತಲುಪಿದ್ದು ಇಲ್ಲಿ.

ಸೋದರ ಸಂಘವೆಂಬ ಇದೇ ಸಾಧನವನ್ನು ದ್ವೇಷಕ್ಕೂ ಬಳಸಲಾಯಿತು. ಗುಪ್ತಪದಗಳು, ಪದವಿಗಳು, ದೀಕ್ಷಾವಿಧಿ ಎಲ್ಲವನ್ನೂ ಸೋದರ ಸಂಘಗಳಂತೆಯೇ ಇಟ್ಟುಕೊಂಡಿದ್ದ ಕು ಕ್ಲಕ್ಸ್ ಕ್ಲಾನ್ 1923ರ ಜುಲೈನಲ್ಲಿ ಸಿಯಾಟಲ್ ಬಳಿಯ ರೆಂಟನ್ ಜಂಕ್ಷನ್ನಿನಲ್ಲಿ ಭಾರಿ ಸಭೆ ನಡೆಸಿತು. ಮರುವರ್ಷ ಕ್ಯಾಥೊಲಿಕ್ ಶಾಲೆಗಳನ್ನು ಗುರಿಯಾಗಿಸಿ, ಮಕ್ಕಳೆಲ್ಲರೂ ಸಾರ್ವಜನಿಕ ಶಾಲೆಗೇ ಹೋಗಬೇಕೆನ್ನುವ ವಾಷಿಂಗ್ಟನ್ ರಾಜ್ಯದ 49ನೇ ಜನಪ್ರಸ್ತಾವವನ್ನು ಬೆಂಬಲಿಸಿತು. ಮತದಾರರು ಅದನ್ನು ತಿರಸ್ಕರಿಸಿದರು.

ಈಗಲ್ಸ್‌ನ ಸಮಾನತೆಗೂ ಗಡಿಯಿತ್ತು: ದಶಕಗಳ ಕಾಲ ಸದಸ್ಯತ್ವ ಬಿಳಿಯರಿಗೆ ಮಾತ್ರ. ಈ ಕಳಂಕವನ್ನು ಸಂಘದ ಯಾವ ಸಾಧನೆಯೂ ತೊಳೆಯಲಾರದು. ಆದರೂ 1961ರ ನವೆಂಬರ್‌ನಲ್ಲಿ ಕಪ್ಪುಜನರ ಹಕ್ಕುಗಳ ಹೋರಾಟಗಾರ ಮಾರ್ಟಿನ್ ಲೂಥರ್ ಕಿಂಗ್ ಸಿಯಾಟಲ್‌ಗೆ ಬಂದಾಗ, ಗೊತ್ತುಮಾಡಿದ್ದ ಚರ್ಚು ಜಾಗ ನಿರಾಕರಿಸಿದ ಮೇಲೆ ಅವರ ಭಾಷಣಕ್ಕೆ ಒದಗಿದ್ದು ವಾಸ್ತುಶಿಲ್ಪಿ ಹೆನ್ರಿ ಬಿಟ್‌ಮನ್ ವಿನ್ಯಾಸದ, 1925ರ ಈಗಲ್ಸ್ ಸಭಾಂಗಣವೇ. ಮುಂದೆ ಅದು ಎಸಿಟಿ ರಂಗಮಂದಿರದ ನೆಲೆಯಾಯಿತು.

1950ರ ದಶಕದಿಂದ ಸಂಘ ದೇಶದ ಉದ್ದಗಲಕ್ಕೂ ಬೈಬಲ್ಲಿನ ಹತ್ತು ಆಜ್ಞೆಗಳ ಕಲ್ಲುಗಳನ್ನು ನಗರಾಡಳಿತಗಳಿಗೆ ಕೊಡತೊಡಗಿತು. ಸಿಯಾಟಲ್‌ಗೆ ಉತ್ತರದ ಎವರೆಟ್‌ಗೆ 1959ರಲ್ಲಿ ಕೊಟ್ಟ ಕಲ್ಲು ಧರ್ಮ ಮತ್ತು ಸರ್ಕಾರದ ನಡುವಿನ ಗೆರೆಯನ್ನು ದಾಟುತ್ತದೆ ಎಂದು ನಾಗರಿಕರೊಬ್ಬರು ಮೊಕದ್ದಮೆ ಹೂಡಿದರು. 2008ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಕಲ್ಲು ಅಲ್ಲೇ ಇರಬಹುದೆಂದು ತೀರ್ಪಿತ್ತಿತು.