ಅರ್ಜಿಯಲ್ಲಿ ಇಲ್ಲದ ಮೂರನೇ ಅಂಕಣ

ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ನಮ್ಮ ಕನ್ನಡ ಶಾಲೆಗಳಲ್ಲಿ ಓದು ಮುಗಿಸಿದ ಮಕ್ಕಳು ಮುಂದೆ ಎಲ್ಲಿಗೆ ಹೋಗುತ್ತಾರೆ? ಉತ್ತರ ನಮಗೆಲ್ಲ ಗೊತ್ತಿರುವುದೇ. ಕೆಲವರು ಕಾಲೇಜಿಗೆ, ಕೆಲವರು ಐಟಿಐಗೆ. ಬಹಳಷ್ಟು ಮಂದಿ ಸಿಪ್‌ಕಾಟ್‌ನ ಕಾರ್ಖಾನೆಗಳಿಗೆ, ಇಲ್ಲವೇ ಬೆಳಗಿನ ಬಸ್ಸು ಹತ್ತಿ ಅತ್ತಿಬೆಲೆ ದಾಟಿ ಬೆಂಗಳೂರಿಗೆ. 1980ರ ದಶಕದಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟನ್ ಬಂದ ಮೇಲೆ ರಾಗಿ ಹೊಲದ ಈ ಸೀಮೆ ಕಾರ್ಖಾನೆಗಳ ಸೀಮೆಯಾಯಿತು.

ಎಲ್ಲಿಗೆ ಹೋದರೂ ಮೊದಲು ತುಂಬಬೇಕಾದದ್ದು ಒಂದು ಅರ್ಜಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಲಿಂಗ. ಲಿಂಗದ ಎದುರು ಎರಡು ಚೌಕ: ಗಂಡು, ಹೆಣ್ಣು. ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳು ಯೋಚನೆಯನ್ನೇ ಮಾಡದೆ ಅಲ್ಲೊಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಆದರೆ ಆ ಜಾಗದಲ್ಲಿ ಪೆನ್ನು ನಿಂತುಬಿಡುವ ಮಕ್ಕಳೂ ಇದ್ದಾರೆ. ಗಂಡು ಎಂದು ಬರೆಸಿ ಬೆಳೆಸಿದ ಮಗು ಒಳಗೆ ತಾನು ಹೆಣ್ಣು ಎಂದು ಅರಿತಿರುತ್ತದೆ, ಅಥವಾ ಹೆಣ್ಣೆಂದು ಬರೆಸಿದ ಮಗು ತಾನು ಗಂಡೆಂದು. ಇಂಥವರು ಕೆಲಸದ ಜಾಗದಲ್ಲಿ ತಾವು ತಾವಾಗಿ ನಿಲ್ಲಲು ಎಷ್ಟು ದೂರ ನಡೆದು ಬಂದರು ಎನ್ನುವ ಚರಿತ್ರೆ ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಅದರ ಕೆಲವು ಮುಖ್ಯ ಘಟನೆಗಳು ನಮ್ಮ ಸುತ್ತಲಿನ ಜಿಲ್ಲೆಗಳಲ್ಲೇ ನಡೆದಿವೆ. ಆದ್ದರಿಂದ ಈ ಬರಹ.

ಬೃಹನ್ನಳೆಯ ಕೆಲಸ

ಪಾಠ ಹೇಳುವ ನಮಗೆ ಬೃಹನ್ನಳೆ ಹೊಸಬಳಲ್ಲ. ಅಜ್ಞಾತವಾಸದ ವರ್ಷ ಅರ್ಜುನ ಹೆಣ್ಣುಡುಗೆ ತೊಟ್ಟು ವಿರಾಟನ ಅರಮನೆಗೆ ಬರುತ್ತಾನೆ, ಉತ್ತರೆಗೆ ನೃತ್ಯ ಕಲಿಸುವ ಗುರುವಾಗುತ್ತಾನೆ. ಅಂದರೆ ಬೃಹನ್ನಳೆಯೂ ಒಬ್ಬ ಶಿಕ್ಷಕಿಯೇ! ವ್ಯಾಸ ಭಾರತದಲ್ಲಿ ಇನ್ನೊಂದು ಮಾತು ಬರುತ್ತದೆ. ಕೆಲಸ ಕೊಡುವ ಮುಂಚೆ ರಾಜ ಬೃಹನ್ನಳೆಯನ್ನು ಪರೀಕ್ಷೆ ಮಾಡಿಸುತ್ತಾನೆ. ಪರೀಕ್ಷೆ ವಿದ್ಯೆಯದ್ದು ಮಾತ್ರವಲ್ಲ, ದೇಹದ್ದು ಕೂಡ. ಅರ್ಜುನನದು ಒಂದು ವರ್ಷದ ವೇಷ, ಅವಧಿ ಮುಗಿದ ಕೂಡಲೇ ಗಾಂಡೀವ ಹಿಡಿದ. ನಾವು ಮಾತಾಡುತ್ತಿರುವವರದು ವೇಷವಲ್ಲ, ಕಳಚಿಡಲು ಆಗುವುದಿಲ್ಲ. ಆದರೂ ಆ ಪರೀಕ್ಷೆಯ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಉಡುಗೆಯೂ ಅಪರಾಧ, ಕಸುಬೂ ಅಪರಾಧ

1871ರಲ್ಲಿ ಬ್ರಿಟಿಷ್ ಸರಕಾರ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ತಂದಿತು. ಕೆಲವು ಜಾತಿ, ಬುಡಕಟ್ಟುಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿದ ಕಾನೂನು ಎಂದು ಅದನ್ನು ನಾವು ಓದಿದ್ದೇವೆ. ಅದರ ಎರಡನೇ ಭಾಗದ ಬಗ್ಗೆ ಓದಿದವರು ಕಡಿಮೆ. ಆ ಭಾಗ ಹಿಜ್ರಾ ಸಮುದಾಯದವರನ್ನು ಗುರಿಯಾಗಿಸಿ ಬರೆದದ್ದು. ಸರಕಾರಕ್ಕೆ ಸಂಶಯ ಬಂದವರ ಹೆಸರನ್ನು ಪೊಲೀಸರು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಹೆಸರು ಬರೆಸಿಕೊಂಡವರು ಹೆಣ್ಣಿನಂತೆ ಉಡುಗೆ ತೊಟ್ಟು ಬೀದಿಗೆ ಬಂದರೆ, ಹಣಕ್ಕಾಗಿ ಹಾಡಿ ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಸೆರೆಮನೆಗೆ ಹಾಕಬಹುದು. ಅವರು ದತ್ತು ತೆಗೆದುಕೊಳ್ಳುವಂತಿಲ್ಲ, ಉಯಿಲು ಬರೆಯುವಂತಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಹಾಡು, ಕುಣಿತ ಅವರ ಕಸುಬು, ಸೀರೆ ಅವರ ಗುರುತು. ಒಂದೇ ಕಾನೂನು ಎರಡನ್ನೂ ಒಟ್ಟಿಗೆ ಅಪರಾಧ ಮಾಡಿತು. ನೀನು ನೀನಾಗಿದ್ದುಕೊಂಡು ದುಡಿಯಬಾರದು ಎನ್ನುವುದೇ ಅದರ ಅರ್ಥ. ಕಸುಬು ಕಿತ್ತುಕೊಂಡ ಮೇಲೆ ಉಳಿಯುವುದೇನು? ಭಿಕ್ಷೆ. ಆಮೇಲೆ ಅದೇ ಸಮಾಜ, "ಇವರು ದುಡಿದು ತಿನ್ನುವುದಿಲ್ಲ" ಎಂದು ಬೈಯುತ್ತದೆ!

ಈ ಕಾನೂನು ಮೊದಲು ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ಆದರೆ ಅದರ ಮರಿ ದಕ್ಷಿಣಕ್ಕೂ ಬಂತು. ಹೈದರಾಬಾದ್ ಸಂಸ್ಥಾನ 1919ರಲ್ಲಿ ಅಂಥದ್ದೇ ಕಾಯ್ದೆ ಮಾಡಿತು. ಆಗ ಬೀದರ್, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿದ್ದವು. ಅಂದರೆ ಕನ್ನಡ ನೆಲದಲ್ಲೂ ಆ ದಾಖಲೆ ಪುಸ್ತಕದ ನೆರಳು ಬಿದ್ದಿತ್ತು. ಆ ಹೈದರಾಬಾದ್ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟು ರದ್ದು ಮಾಡಿದ್ದು 2023ರಲ್ಲಿ. ಕರ್ನಾಟಕದಲ್ಲಿ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಮನ್ನು ಸೇರಿಸಿದರು. ಅದರಲ್ಲೂ ಇದೇ ಸಮುದಾಯದವರ ಪಟ್ಟಿ ಇಡುವ ಮಾತಿತ್ತು. ಸಮುದಾಯದವರು ಕೋರ್ಟಿಗೆ ಹೋದ ಮೇಲೆ ಅಲ್ಲಿಂದ ಅವರ ಹೆಸರನ್ನು ತೆಗೆಯಬೇಕಾಯಿತು. ಬ್ರಿಟಿಷರು ಹೋದರೂ ಅವರ ಪುಸ್ತಕ ಹೋಗಿರಲಿಲ್ಲ ನೋಡಿ.

ಸೇಲಂನಿಂದ ಧರ್ಮಪುರಿಗೆ

ಈಗ ನಮ್ಮ ಜಿಲ್ಲೆಯ ಕಡೆಗೆ ಬರೋಣ. ಹಳೆಯ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ ಬೇರೆಯಾಯಿತು, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ. ಮೂರೂ ಒಂದೇ ಮನೆಯಿಂದ ಪಾಲಾದ ಅಣ್ಣತಮ್ಮಂದಿರಿದ್ದಂತೆ.

ಸೇಲಂನ ಕೆ. ಪೃಥಿಕಾ ಯಾಶಿನಿ ತಮಿಳುನಾಡು ಪೊಲೀಸ್ ಇಲಾಖೆಯ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಕಾರಣ? ಶಾಲಾ ಪ್ರಮಾಣಪತ್ರದಲ್ಲಿದ್ದ ಹುಟ್ಟು ಹೆಸರಿಗೂ ಅರ್ಜಿಯಲ್ಲಿದ್ದ ಹೆಸರಿಗೂ ತಾಳೆಯಾಗಲಿಲ್ಲ. ಗಂಡು, ಹೆಣ್ಣು ಬಿಟ್ಟರೆ ಮೂರನೇ ಅಂಕಣವೂ ಇರಲಿಲ್ಲ. ಅವರು ಮದ್ರಾಸ್ ಹೈಕೋರ್ಟಿಗೆ ಹೋದರು. ಒಂದು ಸಲವಲ್ಲ, ಹಂತ ಹಂತಕ್ಕೂ ಹೋಗಬೇಕಾಯಿತು. ಬರವಣಿಗೆ ಪರೀಕ್ಷೆಗೆ ಕೂರಲು ಕೋರ್ಟು, ದೈಹಿಕ ಪರೀಕ್ಷೆಗೆ ಕೋರ್ಟು. ನೂರು ಮೀಟರ್ ಓಟದಲ್ಲಿ ಸುಮಾರು ಒಂದು ಸೆಕೆಂಡು ತಡವಾದದ್ದಕ್ಕೂ ಕೋರ್ಟೇ ಬೇಕಾಯಿತು. 2015ರ ನವೆಂಬರಿನಲ್ಲಿ ತೀರ್ಪು ಅವರ ಪರವಾಗಿ ಬಂತು. ಮುಂದಿನ ನೇಮಕಾತಿಗಳಲ್ಲಿ ಇಂಥವರಿಗೆ ಅವಕಾಶವಿರುವಂತೆ ನೋಡಿಕೊಳ್ಳಿ ಎಂದೂ ಕೋರ್ಟು ಹೇಳಿತು. 2017ರಲ್ಲಿ ಅವರು ಸಬ್ ಇನ್ಸ್‌ಪೆಕ್ಟರ್ ಆಗಿ ಕೆಲಸಕ್ಕೆ ಸೇರಿದ್ದು ಧರ್ಮಪುರಿ ಜಿಲ್ಲೆಯಲ್ಲಿ! ತಾನು ಯಾರೆಂದು ಮುಚ್ಚಿಡದೆ ಇಡೀ ದೇಶಕ್ಕೆ ತಿಳಿಸಿ, ಆ ಹುದ್ದೆಗೇರಿದ ಮೊದಲ ಅಧಿಕಾರಿ ನಮ್ಮ ಪಕ್ಕದ ಜಿಲ್ಲೆಯಲ್ಲಿ ಖಾಕಿ ತೊಟ್ಟು ನಿಂತರು. ಒಂದು ಕಾಲದಲ್ಲಿ ಪೊಲೀಸರ ಪಟ್ಟಿಯಲ್ಲಿ ಹೆಸರಿದ್ದವರು ಈಗ ಪಟ್ಟಿ ಬರೆಯುವ ಮೇಜಿನ ಆಚೆ ಕಡೆ ಕುಳಿತರು. ಚರಿತ್ರೆ ಹೀಗೂ ತಿರುಗುತ್ತದೆ.

ಅದಕ್ಕೂ ಮೊದಲಿನ ಇನ್ನೊಂದು ಮೊಕದ್ದಮೆ ಕರೂರು ಜಿಲ್ಲೆಯದು. ಮಹಿಳಾ ಪೊಲೀಸ್ ಪೇದೆಯಾಗಿ ನೇಮಕವಾದ ಒಬ್ಬರನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿ, ನೀನು ಹೆಣ್ಣಲ್ಲ ಎಂದು ಕೆಲಸದಿಂದ ತೆಗೆದರು. ಹುಟ್ಟಿದಂದಿನಿಂದ ಹೆಣ್ಣಾಗಿಯೇ ಬೆಳೆದವರು ಅವರು. ವಿರಾಟನ ಅರಮನೆಯ ಪರೀಕ್ಷೆ ನೆನಪಾಯಿತೇ? 2014ರ ಏಪ್ರಿಲ್ 17ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ನಾಗಮುತ್ತು ಅವರು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿದರು. ಇದಕ್ಕೆ ಎರಡೇ ದಿನ ಮೊದಲು, ಏಪ್ರಿಲ್ 15ರಂದು, ಸುಪ್ರೀಂ ಕೋರ್ಟು ನಾಲ್ಸಾ ಮೊಕದ್ದಮೆಯಲ್ಲಿ ತೃತೀಯ ಲಿಂಗಕ್ಕೆ ಕಾನೂನಿನ ಮನ್ನಣೆ ಕೊಟ್ಟಿತ್ತು.

ಹೊಸೂರು ದಾರಿಯಲ್ಲಿ ಸಾಗಿದ ಒಂದು ಬದುಕು

ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಎ. ರೇವತಿ ಮನೆ ಬಿಟ್ಟು ದೆಹಲಿ, ಮುಂಬಯಿ ಕಂಡು ಕೊನೆಗೆ ಬೆಂಗಳೂರಿಗೆ ಬಂದವರು. ಅವರ ಊರಿಗೂ ಬೆಂಗಳೂರಿಗೂ ನಡುವಿನ ಹೆದ್ದಾರಿ ನಮ್ಮ ಕೃಷ್ಣಗಿರಿ, ಹೊಸೂರಿನ ಮೇಲೆಯೇ ಹಾದುಹೋಗುವುದು. ಬೆಂಗಳೂರಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಪರವಾಗಿ ಕೆಲಸ ಮಾಡುವ ಸಂಗಮ ಸಂಸ್ಥೆಗೆ ಕಚೇರಿ ಸಹಾಯಕಿಯಾಗಿ ಸೇರಿ, ಮುಂದೆ ಅದೇ ಸಂಸ್ಥೆಯ ನಿರ್ದೇಶಕಿಯಾದರು. ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕನ್ನಡಕ್ಕೆ ದು. ಸರಸ್ವತಿಯವರು 'ಬದುಕು ಬಯಲು' ಎಂಬ ಹೆಸರಿನಲ್ಲಿ ತಂದರು. ಅದು ನಾಟಕವೂ ಆಯಿತು. ತಮಿಳು ನೆಲದ ಬದುಕು ಕನ್ನಡದ ರಂಗದ ಮೇಲೆ! ಗಡಿನಾಡಿನವರಾದ ನಮಗೆ ಇದಕ್ಕಿಂತ ಹತ್ತಿರದ ಪುಸ್ತಕ ಇನ್ನೊಂದಿಲ್ಲ.

ಕನ್ನಡ ನಾಡಿನಲ್ಲಿ ಮಂಜಮ್ಮ ಜೋಗತಿಯವರ ಹೆಸರು ಈಗ ಮಕ್ಕಳಿಗೂ ಗೊತ್ತು. ಜೋಗತಿ ನೃತ್ಯವನ್ನೇ ಬದುಕು ಮಾಡಿಕೊಂಡವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಹಾಡು, ಕುಣಿತವನ್ನು ಅಪರಾಧ ಎಂದ 1871ರ ಕಾಯ್ದೆಗೆ 150 ವರ್ಷ ತುಂಬಿದ ವರ್ಷದಲ್ಲೇ ಕುಣಿತಕ್ಕಾಗಿ ರಾಷ್ಟ್ರಪತಿ ಭವನದಲ್ಲಿ ಗೌರವ ಸಿಕ್ಕಿತು.

ಎರಡು ರಾಜ್ಯಗಳ ನಡುವೆ

ಗಡಿಯಲ್ಲಿರುವವರಿಗೆ ಎರಡೂ ಸರಕಾರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಸಹಜ. ತಮಿಳುನಾಡು 2008ರಲ್ಲೇ ಇವರಿಗಾಗಿ ಕಲ್ಯಾಣ ಮಂಡಳಿ ಮಾಡಿತು, ದೇಶದಲ್ಲೇ ಮೊದಲು. 'ತಿರುನಂಗೈ' ಎಂಬ ಗೌರವದ ಪದವನ್ನು ಸರಕಾರಿ ಕಾಗದಕ್ಕೆ ತಂದಿತು. ಸರಕಾರಿ ಉದ್ಯೋಗದಲ್ಲಿ ಇವರಿಗೇ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ, 2021ರಲ್ಲಿ. ಅದು ಎಲ್ಲ ಜಾತಿವರ್ಗಗಳ ಒಳಗೂ ಅನ್ವಯಿಸುವ ಮೀಸಲಾತಿ. ತಮಿಳುನಾಡು 2015ರಲ್ಲಿ ಅತಿ ಹಿಂದುಳಿದ ವರ್ಗದ ಪಟ್ಟಿಗೆ ಸೇರಿಸಿತ್ತು, ಪ್ರತ್ಯೇಕ ಪಾಲು ಇರಲಿಲ್ಲ. ಒಬ್ಬರು ಪದ ಕೊಟ್ಟರು, ಇನ್ನೊಬ್ಬರು ಪಾಲು ಕೊಟ್ಟರು. ಎರಡೂ ಬೇಕು.

ಕೇಂದ್ರದ 2019ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ನೇಮಕಾತಿ, ಬಡ್ತಿಗಳಲ್ಲಿ ತಾರತಮ್ಯ ಕೂಡದು, ಪ್ರತಿ ಸಂಸ್ಥೆಯೂ ದೂರು ಕೇಳಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕು ಎಂದು ಅದು ಹೇಳಿತು. ಖಾಸಗಿ ಕಂಪನಿಗಳಿಗೂ ಇದು ಅನ್ವಯ. ಶಾಲೆಗಳಿಗೂ!

ಹೊರಗಿನ ಎರಡು ಪಾಠಗಳು

ಮೊದಲನೆಯದು ಅಮೆರಿಕದ್ದು. ಲಿನ್ ಕಾನ್ವೇ ಎಂಬ ಕಂಪ್ಯೂಟರ್ ಎಂಜಿನಿಯರ್ ತಾನು ಹೆಣ್ಣಾಗಿ ಬದುಕುತ್ತೇನೆ ಎಂದಾಗ ಐಬಿಎಂ ಕಂಪನಿ 1968ರಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಅವರು ಹಿಂದಿನದನ್ನು ಯಾರಿಗೂ ಹೇಳದೆ ಸೊನ್ನೆಯಿಂದ ಶುರು ಮಾಡಿದರು. 1980ರಲ್ಲಿ ಕಾರ್ವರ್ ಮೀಡ್ ಜೊತೆ ಬರೆದ ಅವರ ಪಠ್ಯಪುಸ್ತಕ ಜಗತ್ತಿನ ಚಿಪ್ ವಿನ್ಯಾಸದ ಪಾಠವನ್ನೇ ಬದಲಿಸಿತು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, 52 ವರ್ಷಗಳ ನಂತರ. ನಮ್ಮ ಹುಡುಗರ ಕೈಯಲ್ಲಿರುವ ಮೊಬೈಲಿನ ಹಿಂದೆ ಹೀಗೆ ಕೆಲಸ ಕಳೆದುಕೊಂಡ ಒಬ್ಬ ಹೆಣ್ಣುಮಗಳ ವಿದ್ಯೆಯಿದೆ.

ಎರಡನೆಯದು ಪಕ್ಕದ ಕೇರಳದ್ದು. 2017ರಲ್ಲಿ ಕೊಚ್ಚಿ ಮೆಟ್ರೋ 23 ಮಂದಿಗೆ ಕೆಲಸ ಕೊಟ್ಟು ಹೆಸರು ಮಾಡಿತು. ಆದರೆ ಕೆಲವೇ ವಾರಗಳಲ್ಲಿ ಕೆಲವರು ಕೆಲಸ ಬಿಟ್ಟರು. ಏಕೆಂದರೆ ಊರಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ, ವಸತಿಗೃಹದ ಬಾಡಿಗೆಗೆ ಸಂಬಳ ಸಾಲಲಿಲ್ಲ. ನೇಮಕಾತಿ ಪತ್ರವೊಂದೇ ಸಾಲದು, ಕೆಲಸ ಮುಗಿಸಿ ಬಂದರೆ ಮಲಗಲು ಜಾಗ ಬೇಕು. ಹಾಸ್ಟೆಲು, ಶೌಚಾಲಯ, ಕಂಪನಿ ಬಸ್ಸು, ಊಟದ ಸಾಲು, ಇವೆಲ್ಲ ಸೇರಿದರೆ ತಾನೇ ಕೆಲಸದ ಜಾಗ? ನಮ್ಮ ಪೋಚಂಪಳ್ಳಿ ಹತ್ತಿರದ ಓಲಾ ಕಾರ್ಖಾನೆಯನ್ನು ಹೆಂಗಸರೇ ನಡೆಸುತ್ತಾರೆ ಎಂದು 2021ರಲ್ಲಿ ಆ ಕಂಪನಿ ಸಾರಿತು. ಸಂತೋಷದ ಮಾತು. ಆದರೆ ಹೆಣ್ಣುಮಕ್ಕಳ ಕಾರ್ಖಾನೆ, ಹೆಣ್ಣುಮಕ್ಕಳ ಹಾಸ್ಟೆಲ್ ಎಂದಾಗ ಒಬ್ಬ ತಿರುನಂಗೈಯೂ ಆ ಬಾಗಿಲಲ್ಲಿ ನಿಲ್ಲಬಹುದು, ಅವಳಿಗೆ ಏನು ಹೇಳುತ್ತೇವೆ ಎಂಬ ಪ್ರಶ್ನೆ ಈ ಸೀಮೆಯ ಎಲ್ಲ ಕಾರ್ಖಾನೆಗಳ ಮುಂದೆಯೂ ಇದೆ.

ಶಿಕ್ಷಕರಾದ ನಮಗೆ

ಜೇನ್ ಕೌಶಿಕ್ ಎಂಬ ಶಿಕ್ಷಕಿಯ ವಿಷಯ ನಮ್ಮ ವೃತ್ತಿಯದ್ದೇ. ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಕಳೆದುಕೊಂಡರು, ಗುಜರಾತಿನ ಇನ್ನೊಂದು ಶಾಲೆ ಕೊಟ್ಟ ಕೆಲಸವನ್ನು ವಾಪಸು ತೆಗೆದುಕೊಂಡಿತು. ಪಾಠ ಬರುವುದಿಲ್ಲ ಎಂದಲ್ಲ, ಅವರು ಯಾರು ಎಂಬ ಕಾರಣಕ್ಕೆ ಎನ್ನುವುದು ಅವರ ದೂರು. 2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಅವರಿಗೆ ಪರಿಹಾರ ಕೊಡಿಸಿತು. ಉದ್ಯೋಗದಲ್ಲಿ ಸಮಾನ ಅವಕಾಶದ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿಯನ್ನೂ ನೇಮಿಸಿತು.

ಗಡಿನಾಡಿನ ನಮಗೆ ಅಂಕಣದ ಸಂಕಟ ಏನೆಂದು ಸ್ವಲ್ಪ ಗೊತ್ತು. 2006ರ ತಮಿಳು ಕಲಿಕೆ ಕಾಯ್ದೆ ಬಂದಾಗಿನಿಂದ ನಮ್ಮ ಮಕ್ಕಳ ಭಾಷೆಗೆ ಪರೀಕ್ಷೆಯಲ್ಲಿ ಜಾಗ ಎಲ್ಲಿ ಎಂದು ಕೇಳುತ್ತಲೇ ಬಂದಿದ್ದೇವೆ. ಭಾಷೆಯ ಕಷ್ಟವೂ ದೇಹದ ಕಷ್ಟವೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮಗೆ ಮನೆಯಲ್ಲಿ ಅಪ್ಪ ಅಮ್ಮ ಅದೇ ಭಾಷೆ ಆಡುತ್ತಾರೆ, ಆ ಮಗುವಿಗೆ ಮನೆಯಲ್ಲೂ ಆಸರೆಯಿಲ್ಲ. ಆದರೆ ತನ್ನದು ಯಾವ ಚೌಕದಲ್ಲೂ ಇಲ್ಲ ಎನ್ನುವ ಅನುಭವ ಇರುವವರು ಇನ್ನೊಬ್ಬರ ಚೌಕಕ್ಕಾಗಿ ದನಿ ಎತ್ತದಿದ್ದರೆ ಹೇಗೆ?

ಪೃಥಿಕಾ ಅವರ ಅರ್ಜಿ ಮೊದಲು ಎಡವಿದ್ದು ಶಾಲಾ ಪ್ರಮಾಣಪತ್ರದಲ್ಲಿ ಎಂಬುದನ್ನು ನಾವು ಮರೆಯಬಾರದು. ಹಾಜರಿ ಪುಸ್ತಕದಲ್ಲಿ, ಟಿ.ಸಿ.ಯಲ್ಲಿ ನಾವು ಬರೆಯುವ ಒಂದು ಸಾಲು ಮಗುವಿನ ಹಿಂದೆ ಆಫೀಸಿನವರೆಗೂ ಹೋಗುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬರು ಹೊಸ ಹೆಸರಿನ ಸರಕಾರಿ ಪ್ರಮಾಣಪತ್ರ ಹಿಡಿದು ಶಾಲೆಗೆ ಬಂದರೆ ದಾಖಲೆ ತಿದ್ದಲು ಅಲೆದಾಡಿಸದೆ ನೆರವಾಗಬಹುದು. ತರಗತಿಯಲ್ಲಿ ನಡಿಗೆ, ದನಿಯ ಬಗ್ಗೆ ಯಾರಾದರೂ ಅಡ್ಡ ಹೆಸರಿಟ್ಟು ಕರೆದರೆ ಆ ಕ್ಷಣವೇ ತಡೆಯಬಹುದು. ಅಂಥ ಮಗು ಎಂಟನೇ ತರಗತಿಯಲ್ಲೇ ಶಾಲೆ ಬಿಟ್ಟರೆ, ಶೇಕಡಾ 1ರ ಮೀಸಲಾತಿ ಇದ್ದೂ ಅರ್ಜಿ ಹಾಕುವವರು ಯಾರು? ಹತ್ತನೇ ತರಗತಿಯವರೆಗೆ ಅದನ್ನು ಬೆಂಚಿನ ಮೇಲೆ ಉಳಿಸಿಕೊಳ್ಳುವುದೇ ನಾವು ಕೊಡಬಹುದಾದ ದೊಡ್ಡ ಉದ್ಯೋಗ ಭರವಸೆ.

ನಿಮ್ಮ ಶಾಲೆಯಲ್ಲಿ ಈ ವಿಷಯ ಹೇಗೆ ಮಾತಾಡುತ್ತೀರಿ? ಮುಂದಿನ ಶಿಕ್ಷಕರ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಇಡಿ. ಏನಂತೀರಿ?