ಒಂದು ಪಾವತಿ, ಒಂದು ಚಾಡಿ

ಜನವರಿ ಬಂತು ಅಂದರೆ ಎಲ್ಲರಿಗೂ ಸಂಕ್ರಾಂತಿಯ ಎಳ್ಳು-ಬೆಲ್ಲ ನೆನಪಾದರೆ, ನನಗೆ ನೆನಪಾಗುವುದು ಕೆಂಪು ಶಾಯಿಯಲ್ಲಿ ಅಚ್ಚಾದ ಒಂದು ಕಾಗದ. ನಗಬೇಡಿ, ಕಾರಣ ಇದೆ :-)

ಗ್ರೀನ್ ಕಾರ್ಡ್ ಬಂದ ಹೊಸದರಲ್ಲಿ, 2007ರಿಂದ 2009ರವರೆಗೆ ಮೂರು ಚಳಿಗಾಲ, ಹಗಲು ಸಾಫ್ಟ್‌ವೇರ್ ಕೆಲಸ ಮುಗಿಸಿಕೊಂಡು ಸಂಜೆ ಹೊತ್ತು ನಾನೊಂದು ಪುಟ್ಟ ಟ್ಯಾಕ್ಸ್ ಆಫೀಸಿಗೆ ಹೋಗುತ್ತಿದ್ದೆ. ನ್ಯೂಜೆರ್ಸಿಯ ಒಂದು ಹಳೇ ಊರು. ಕೆಳಗೆ ಬಟ್ಟೆ ಒಗೆಯುವ ಲಾಂಡ್ರಿ, ಮೇಲೆ ಎರಡು ಕೋಣೆಯ ಆಫೀಸು. ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಮುದುಕರು. ಊರಿನ ಅಂಗಡಿ-ಮುಂಗಟ್ಟುಗಳ ಲೆಕ್ಕವೆಲ್ಲ ಅವರ ಕೈಲಿ: ಪಿಜ್ಜಾ ಅಂಗಡಿ, ಹಲ್ಲಿನ ಡಾಕ್ಟರು, ಮನೆಗೆ ಬಣ್ಣ ಹೊಡೆಯುವ ಪೇಂಟರು, ಗುಜರಾತಿ ದಿನಸಿ ಅಂಗಡಿ. ನಾನು ಮನಸ್ಸಿನಲ್ಲೇ ಅವರಿಗೆ 'ಶಾನುಭೋಗರು' ಅಂತ ಹೆಸರಿಟ್ಟಿದ್ದೆ. ಸರ್ಕಾರಕ್ಕೂ ಊರಿಗೂ ನಡುವೆ ಲೆಕ್ಕದ ಪುಸ್ತಕ ಹಿಡಿದು ಕೂತವರನ್ನು ಇನ್ನೇನು ತಾನೇ ಅನ್ನಬೇಕು?

ರಿಟರ್ನ್ ತುಂಬುವ ಕಾಲ ಫೆಬ್ರವರಿ-ಮಾರ್ಚಿನದು. ಜನವರಿಯದ್ದು ಬೇರೆಯದೇ ಗಡಿಬಿಡಿ. ಅಂಗಡಿಯವರು ಹಿಂದಿನ ವರ್ಷ ಯಾರ್ಯಾರಿಗೆ ಎಷ್ಟು ಕೊಟ್ಟರು ಅನ್ನುವುದನ್ನು ಕಾಗದದಲ್ಲಿ ಬರೆದು, 31ನೇ ತಾರೀಖಿನೊಳಗೆ ಆ ಜನರ ಕೈಗೆ ಮುಟ್ಟಿಸಬೇಕು. ನೌಕರನಾದರೆ ಡಬ್ಲ್ಯೂ-2. ಕಂಟ್ರಾಕ್ಟರ್ ಆದರೆ 1099. ಒಂದೊಂದಕ್ಕೂ ಹಲವು ಪ್ರತಿ. ಮೇಲಿನ 'ಕಾಪಿ ಎ' ಕೆಂಪು ಶಾಯಿಯದು, ಯಂತ್ರ ಓದುವಂಥದ್ದು. ಅದನ್ನು ಮಡಚಬಾರದು, ಕತ್ತರಿಸಬಾರದು, ಸ್ಟೇಪಲ್ ಹೊಡೆಯಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ವೆಬ್‌ಸೈಟಿನಿಂದ ಇಳಿಸಿ ನಮ್ಮ ಪ್ರಿಂಟರಿನಲ್ಲಿ ಒತ್ತಿದರೆ ನಡೆಯುವುದಿಲ್ಲ, ಅಸಲಿ ಕೆಂಪು ಕಾಗದವೇ ಆಗಬೇಕು. ಶಾನುಭೋಗರ ಹತ್ತಿರ ಒಂದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇತ್ತು. ಕಾರ್ಬನ್ ಪ್ರತಿಗಳೆಲ್ಲಕ್ಕೂ ಅಕ್ಷರ ಇಳಿಯುವ ಹಾಗೆ ಕರ್ರ್... ಕರ್ರ್... ಅಂತ ಕುಟ್ಟುತ್ತಿತ್ತು.

2008ರ ಜನವರಿಯ ಒಂದು ಸಂಜೆ. ಶಾನುಭೋಗರು ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದರು. ಪೇಂಟರ್ ಫೋನ್ ಮಾಡಿದ. ನಾಲ್ಕು ಹೆಸರು, ನಾಲ್ಕು ಸೋಷಿಯಲ್ ಸೆಕ್ಯುರಿಟಿ ನಂಬರು, ನಾಲ್ಕು ಮೊತ್ತ ಹೇಳಿ, "ಎಲ್ಲ 1099 ಮಾಡಿಬಿಡು" ಅಂದ. ಮಾಡಿಬಿಟ್ಟೆ. ಇಪ್ಪತ್ತು ನಿಮಿಷದ ಕೆಲಸ. ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆನಲ್ಲ ಅಂತ ಬೆನ್ನು ತಟ್ಟಿಕೊಂಡೆ ಕೂಡ.

ಮಾರ್ಚಿನಲ್ಲಿ ಆ ನಾಲ್ವರಲ್ಲಿ ಒಬ್ಬಾತ ಅದೇ ಕಾಗದ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದ. ಅದರಲ್ಲಿದ್ದ ಮೊತ್ತ 30,000 ಡಾಲರ್. ಪಕ್ಕದ ಟೇಬಲ್ಲಿನಲ್ಲಿ ಶಾನುಭೋಗರು ಅವನನ್ನು ನಾಲ್ಕೇ ಪ್ರಶ್ನೆ ಕೇಳಿದರು. ಬ್ರಷ್ಷು, ಏಣಿ ಯಾರದ್ದು? ಬೆಳಗ್ಗೆ ಎಷ್ಟು ಗಂಟೆಗೆ ಬರಬೇಕು ಅಂತ ಹೇಳುವವರು ಯಾರು? ಬೇರೆಯವರ ಕೆಲಸಕ್ಕೂ ಹೋಗುತ್ತೀಯಾ? ವಾರದ ಕೂಲಿಯೋ, ಮನೆಗಿಷ್ಟು ಅಂತಲೋ? ಎಲ್ಲಕ್ಕೂ ಬಂದ ಉತ್ತರ ಒಂದೇ ದಿಕ್ಕಿನದು. ಆತ ಪೇಂಟರಿನ ನೌಕರ. ಕಂಟ್ರಾಕ್ಟರ್ ಅಲ್ಲ.

ಇದರಲ್ಲೇನು ಮಹಾ ವ್ಯತ್ಯಾಸ ಅಂತೀರಾ? ಲೆಕ್ಕ ಕೇಳಿ. ನೌಕರನಾಗಿದ್ದರೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಅವನ ಸಂಬಳದಲ್ಲಿ 7.65 ಪರ್ಸೆಂಟ್, ಅಂದರೆ 2,295 ಡಾಲರ್ ಮುರಿಯುತ್ತಿದ್ದರು. ಅಷ್ಟೇ ದುಡ್ಡನ್ನು ಮಾಲೀಕ ತನ್ನ ಜೇಬಿನಿಂದ ಕಟ್ಟಬೇಕಿತ್ತು. 1099 ಕೈಗೆ ಬಂದ ಕೂಡಲೇ ಆತ ತನಗೆ ತಾನೇ ಮಾಲೀಕ! ಎರಡೂ ಪಾಲು ಅವನದ್ದೇ. ಮೊತ್ತದ 92.35 ಪರ್ಸೆಂಟಿನ ಮೇಲೆ 15.3 ಪರ್ಸೆಂಟ್, ಸುಮಾರು 4,239 ಡಾಲರ್. ಆದಾಯ ತೆರಿಗೆ ಇದರ ಮೇಲೆ ಬೇರೆ, ಅದನ್ನೂ ವರ್ಷವಿಡೀ ಯಾರೂ ಮುರಿದಿಟ್ಟಿಲ್ಲ. ನಾನು ಕುಟ್ಟಿದ ಒಂದು ಹಾಳೆ ಹತ್ತಿರ ಹತ್ತಿರ 1,944 ಡಾಲರನ್ನು ಪೇಂಟರಿನ ಜೇಬಿನಿಂದ ಕೂಲಿಯವನ ಜೇಬಿಗೆ ದಾಟಿಸಿತ್ತು. ಅಲ್ಲ, ಜೇಬಿನಿಂದ ಕಿತ್ತಿತ್ತು ಅನ್ನಬೇಕು.

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಎರಡು ಕಾಗದಗಳು ಎಲ್ಲಿಂದ ಹುಟ್ಟಿದವು, ಒಂದೇ ದುಡಿಮೆಗೆ ಎರಡು ಹಣೆಬರಹ ಯಾಕೆ ಅಂತ ಆಮೇಲೆ ಹುಡುಕಿಕೊಂಡು ಓದಿದೆ. ಓದಿದ್ದು ಹೀಗಿದೆ.

ಮೊದಲು ಹುಟ್ಟಿದ್ದು ಚಾಡಿ! 1913ರಲ್ಲಿ ಅಮೆರಿಕದ ಸಂವಿಧಾನಕ್ಕೆ 16ನೇ ತಿದ್ದುಪಡಿ ಬಂದು, ಅದೇ ವರ್ಷ ಆದಾಯ ತೆರಿಗೆ ಕಾಯ್ದೆಯೂ ಬಂತು. ವರ್ಷಕ್ಕೆ 3,000 ಡಾಲರಿಗಿಂತ ಹೆಚ್ಚು ಸಂಬಳ ಕೊಡುವವರು ತೆರಿಗೆಯನ್ನು ಮೊದಲೇ ಮುರಿದುಕೊಳ್ಳಬೇಕು ಅಂತ ಆ ಕಾಯ್ದೆಯಲ್ಲೇ ಇತ್ತು. ಮಾಲೀಕರು ಗೊಣಗಿದರು, ಲೆಕ್ಕ ಗೋಜಲಾಯಿತು. 1917ರ ಯುದ್ಧ ತೆರಿಗೆ ಕಾಯ್ದೆ ಬಂದಾಗ ಸರ್ಕಾರ ಆ ಕ್ರಮವನ್ನು ಕೈಬಿಟ್ಟಿತು. "ನೀವು ತೆರಿಗೆ ಮುರಿಯುವುದು ಬೇಡ, ಯಾರಿಗೆ ಎಷ್ಟು ಕೊಟ್ಟಿರಿ ಅಂತ ನಮ್ಮ ಕಿವಿಗೆ ಹಾಕಿ ಸಾಕು" ಅಂದಂತಾಯಿತು. 800 ಡಾಲರ್ ಮತ್ತು ಮೇಲ್ಪಟ್ಟ ಪಾವತಿಗಳನ್ನು ವರದಿ ಮಾಡಲು ಬಂದ ಫಾರಮ್ಮೇ 1099. ಅಂದರೆ ಇದು ಹುಟ್ಟಿನಿಂದಲೇ ಚಾಡಿ ಕಾಗದ. ಒಂದು ಪೈಸೆ ತೆರಿಗೆಯನ್ನೂ ಅದು ಕಟ್ಟುವುದಿಲ್ಲ. ಇಂಥವನ ಹತ್ತಿರ ದುಡ್ಡಿದೆ, ವಿಚಾರಿಸಿಕೊಳ್ಳಿ ಅನ್ನುತ್ತದೆ, ಅಷ್ಟೇ.

ಪಾವತಿ ಹುಟ್ಟಿದ್ದು ಇನ್ನೊಂದು ಯುದ್ಧದಲ್ಲಿ. ಅದಕ್ಕೂ ಮುಂಚೆ, 1935ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಯ ಪ್ರಕಾರ 1937ರ ಜನವರಿಯಿಂದ ಸಂಬಳದ ಮೊದಲ 3,000 ಡಾಲರಿನ ಮೇಲೆ ನೌಕರನಿಂದ 1 ಪರ್ಸೆಂಟ್, ಮಾಲೀಕನಿಂದ 1 ಪರ್ಸೆಂಟ್ ವಸೂಲಿ ಶುರುವಾಗಿತ್ತು. ಈ ಅರ್ಧ-ಅರ್ಧದ ಒಪ್ಪಂದವನ್ನು ನೆನಪಿಡಿ, ನಮ್ಮ ಬಣ್ಣದವನ ಕಥೆಯ ಬೇರು ಇದೇ. ಆಮೇಲೆ ಎರಡನೇ ಮಹಾಯುದ್ಧ. 1939ರಲ್ಲಿ ಸುಮಾರು 40 ಲಕ್ಷ ಜನ ಆದಾಯ ತೆರಿಗೆ ಕಟ್ಟುತ್ತಿದ್ದ ದೇಶದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ 4 ಕೋಟಿಗೂ ಹೆಚ್ಚು ಜನ ಕಟ್ಟುತ್ತಿದ್ದರು. ಕೂಲಿಯವರು ವರ್ಷದ ಕೊನೆಗೆ ಒಂದೇ ಗಂಟಿನಲ್ಲಿ ದುಡ್ಡು ಎಲ್ಲಿಂದ ತರುತ್ತಾರೆ? ಮೇಸೀಸ್ ಅಂಗಡಿಯ ಖಜಾಂಚಿಯಾಗಿದ್ದ ಬಿಯರ್ಡ್ಸ್‌ಲಿ ರಮ್ಲ್ ಎಂಬಾತ, ಸಂಬಳ ಬಂದ ಹಾಗೆಲ್ಲ ತೆರಿಗೆ ಕಟ್ಟಿಸಿಕೊಳ್ಳಿ, ಹಿಂದಿನ ವರ್ಷದ ಬಾಕಿ ಬಿಟ್ಟುಬಿಡಿ ಅಂತ ವಾದಿಸಿದ. ಬಾಕಿಯ ಬಹುಪಾಲನ್ನು ಮನ್ನಾ ಮಾಡಿದ ಕಾಯ್ದೆಗೆ 1943ರ ಜೂನ್ 9ರಂದು ಸಹಿ ಬಿತ್ತು. ಜುಲೈ 1ರಿಂದ ಸಂಬಳದಲ್ಲೇ ತೆರಿಗೆ ಮುರಿಯತೊಡಗಿದರು. ಆಗ ಖಜಾನೆ ಇಲಾಖೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಕೂಡ ಇದಕ್ಕೆ ಕೈಜೋಡಿಸಿದ್ದರು. ಯುದ್ಧಕ್ಕಾಗಿ ಮಾಡಿದ್ದು ಶಾಂತಿಕಾಲಕ್ಕೂ ಉಳಿದುಬಿಟ್ಟಿತಲ್ಲ ಅಂತ ಮುಂದೆ ಅವರೇ ಪೇಚಾಡಿದರು.

ಹೀಗೆ ಮುರಿದುಕೊಂಡ ದುಡ್ಡಿಗೆ ಕೊಟ್ಟ ರಸೀದಿಯೇ ಡಬ್ಲ್ಯೂ-2. ನಮ್ಮಜ್ಜ ಕಂದಾಯ ಕಟ್ಟಿದ ಪಾವತಿಗಳನ್ನು ಟ್ರಂಕಿನ ತಳದಲ್ಲಿ, ರೇಷ್ಮೆ ಪಂಚೆಯ ಕೆಳಗೆ ಇಟ್ಟಿರುತ್ತಿದ್ದರು. ಅಮೀನ ಬಂದು ಕೇಳಿದರೆ "ಕಟ್ಟಿದ್ದೀನಿ ಕಣಪ್ಪಾ" ಅಂತ ತೋರಿಸಲು. ಡಬ್ಲ್ಯೂ-2 ಕೂಡ ಅಂಥದ್ದೇ. 1944ರ ಕಾಯ್ದೆಯಂತೂ, ಸಂಬಳ 5,000 ಡಾಲರಿಗಿಂತ ಕಡಿಮೆ ಇರುವ ನೌಕರರು ಬೇಕಾದರೆ ಆ ರಸೀದಿಯನ್ನೇ ರಿಟರ್ನ್ ಅಂತ ಕಳಿಸಲು ಅವಕಾಶ ಕೊಟ್ಟಿತ್ತು. ಒಂದು ಚೀಟಿ, ಕೆಲಸ ಮುಗೀತು!

ಆದರೆ ಚೀಟಿ ಬರೆಯುವವರು ಯಾರು? ದೊಡ್ಡ ಕಂಪನಿಗೆ ಗುಮಾಸ್ತರ ಪಡೆ ಇತ್ತು. ಮೂರು ಜನ ಕೆಲಸಗಾರರಿರುವ ಅಂಗಡಿಯವನಿಗೆ ಯಾರಿದ್ದರು? ಆ ಕೆಲಸ ಬಂದದ್ದು ನಮ್ಮ ಶಾನುಭೋಗರಂಥವರ ಹೆಗಲಿಗೆ. ಇಂದು ಊರೂರಲ್ಲಿ ಬೋರ್ಡು ಕಾಣುವ ಎಚ್ ಆಂಡ್ ಆರ್ ಬ್ಲಾಕ್ ಕೂಡ ಮೊದಲು ಕ್ಯಾನ್ಸಸ್ ಸಿಟಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತಿದ್ದ ಅಣ್ಣತಮ್ಮಂದಿರ ಆಫೀಸು. 1955ರಲ್ಲಿ ತೆರಿಗೆ ಇಲಾಖೆ ಆ ಊರಿನಲ್ಲಿ ಬಿಟ್ಟಿಯಾಗಿ ರಿಟರ್ನ್ ತುಂಬಿಕೊಡುವುದನ್ನು ನಿಲ್ಲಿಸಿದಾಗ ಅವರು ಪೂರ್ತಿ ಈ ಕಸುಬಿಗೆ ಇಳಿದರು.

1954ರ ತೆರಿಗೆ ಸಂಹಿತೆಯಲ್ಲಿ 1099ರ ಮಿತಿ 600 ಡಾಲರ್ ಆಯಿತು. ಆಗ ಒಬ್ಬ ವ್ಯಕ್ತಿಗೆ ಸಿಗುತ್ತಿದ್ದ ವಿನಾಯಿತಿಯೂ 600 ಡಾಲರೇ, ಹಾಗಾಗಿ ಅದು ಸಣ್ಣ ಮೊತ್ತವಾಗಿರಲಿಲ್ಲ. ವಿನಾಯಿತಿ ಬೆಳೆಯಿತು, ಪಿಜ್ಜಾದ ಬೆಲೆ ಬೆಳೆಯಿತು, 600 ಮಾತ್ರ ಅಲ್ಲೇ ಕೂತಿತು! 1978ರಿಂದ ಡಬ್ಲ್ಯೂ-2ಗಳು ವರ್ಷಕ್ಕೊಮ್ಮೆ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗತೊಡಗಿದವು, ಮೂರು ತಿಂಗಳಿಗೊಮ್ಮೆ ಹೆಸರು-ಸಂಬಳದ ಪಟ್ಟಿ ಕಳಿಸುವ ಕಾಟ ತಪ್ಪಿತು. 1987ರಲ್ಲಿ ತೆರಿಗೆ ಇಲಾಖೆ ಯಾರು ನೌಕರ, ಯಾರು ಕಂಟ್ರಾಕ್ಟರ್ ಅಂತ ತೂಗಿ ನೋಡಲು 20 ಅಂಶಗಳ ಪಟ್ಟಿ ಕೊಟ್ಟಿತು. ಶಾನುಭೋಗರು ಕೇಳಿದ ನಾಲ್ಕು ಪ್ರಶ್ನೆಗಳ ಮೂಲ ಅದೇ. ಅವುಗಳ ತಿರುಳು: ಕೆಲಸ ಹೇಗೆ ಮಾಡಬೇಕು ಅಂತ ಹೇಳುವ ಹಕ್ಕು ಯಾರದ್ದು?

ನಮ್ಮ ದೇಶದ ಪದ್ಧತಿ ನೆನಪಿಸಿಕೊಂಡರೆ ಇನ್ನೊಂದು ವಿಷಯ ಹೊಳೆಯುತ್ತದೆ. ದಶಕಗಳ ಕಾಲ ನಾವು 'ಫಾರಂ 16' ಅಂತ ಕರೆದ ಕಾಗದ ಡಬ್ಲ್ಯೂ-2ನ ಸೋದರ ಸಂಬಂಧಿ. ಆದರೆ ಭಾರತದಲ್ಲಿ ಗುತ್ತಿಗೆದಾರನ ಬಿಲ್ಲಿನಲ್ಲೂ ಟಿಡಿಎಸ್ ಮುರಿಯುತ್ತಾರೆ, ಅವನಿಗೂ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಅಮೆರಿಕದಲ್ಲಿ ಮಾಮೂಲಿ ಕಂಟ್ರಾಕ್ಟರಿಗೆ ಏನೂ ಮುರಿಯುವುದಿಲ್ಲ. ಸರಿಯಾದ ತೆರಿಗೆ ನಂಬರು ಕೊಡದವನಿಗೆ ಮಾತ್ರ ಆ ಶಿಕ್ಷೆ. ಮಿಕ್ಕವರಿಗೆ ಕೈತುಂಬಾ ದುಡ್ಡು, ಏಪ್ರಿಲ್‌ನಲ್ಲಿ ಕಣ್ತುಂಬಾ ನೀರು.

ಈಗ ಮತ್ತೆ ನಮ್ಮ ಬಣ್ಣದವನ ಹತ್ತಿರ ಬರೋಣ. ಶಾನುಭೋಗರು ಅವನಿಗೆ, "ನಿನ್ನ ಮಾಲೀಕನ ಲೆಕ್ಕ ನಾನೇ ಬರೆಯುವುದರಿಂದ ನಿನ್ನ ರಿಟರ್ನ್ ನಾನು ಮಾಡುವುದು ಸರಿಯಲ್ಲ, ಬೇರೆಯವರ ಹತ್ತಿರ ಹೋಗು" ಅಂದರು. ಆದರೆ ಎರಡು ಫಾರಂ ಅವನ ಕೈಗಿಟ್ಟರು. ಒಂದು ಎಸ್‌ಎಸ್-8, ನಾನು ನೌಕರನೋ ಅಲ್ಲವೋ ನೀವೇ ತೀರ್ಮಾನಿಸಿ ಅಂತ ತೆರಿಗೆ ಇಲಾಖೆಯನ್ನು ಕೇಳುವಂಥದ್ದು. ಇನ್ನೊಂದು 8919, ಆ ವರ್ಷವಷ್ಟೇ ಹೊಸದಾಗಿ ಬಂದಿತ್ತು. ಅದರಲ್ಲಿ ಆತ ತನ್ನ ಅರ್ಧ ಪಾಲನ್ನು ಮಾತ್ರ ಕಟ್ಟಬಹುದಿತ್ತು. ಆತ ಕಾಗದಗಳನ್ನು ತಿರುವಿ ತಿರುವಿ ನೋಡಿ, "ಇದು ಕಳಿಸಿದರೆ ಅವನಿಗೆ ಗೊತ್ತಾಗುತ್ತಾ?" ಅಂದ. "ಗೊತ್ತಾಗುತ್ತೆ" ಅಂದರು ಇವರು. ಆತ ಮಡಚಿ ಜಾಕೆಟ್ಟಿನ ಜೇಬಿಗೆ ಇಟ್ಟುಕೊಂಡು ಮೆಟ್ಟಿಲಿಳಿದ.

ಶಾನುಭೋಗರು ನನ್ನನ್ನು ಬೈಯಲಿಲ್ಲ. "ನಂಬರ್ ಸರಿ ಇದೆಯಾ ಅಂತ ನೋಡೋದು ಟೈಪಿಸ್ಟನ ಕೆಲಸ. ಫಾರಂ ಸರಿಯಾದದ್ದಾ ಅಂತ ಕೇಳೋದು ನಮ್ಮ ಕೆಲಸ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಮರುವರ್ಷ ಜನವರಿಯಲ್ಲಿ ಪೇಂಟರಿನ ಪಟ್ಟಿ ಬಂತು. ಮೂರೇ ಹೆಸರು. ನಾಲ್ಕನೆಯದು ಇರಲಿಲ್ಲ. ಶಾನುಭೋಗರು ಪಟ್ಟಿಯನ್ನು ಆ 20 ಅಂಶಗಳ ಜೊತೆ ಸೇರಿಸಿ ವಾಪಸ್ ಕಳಿಸಿದರು. ಪೇಂಟರ್ ಮತ್ತೆ ನಮ್ಮ ಆಫೀಸಿಗೆ ಬರಲಿಲ್ಲ.

ಆಮೇಲೆ ಈ ಕಸುಬಿನಲ್ಲಿ ಎಷ್ಟೆಲ್ಲ ಬದಲಾಯಿತು! 2010ರಲ್ಲಿ ಒಬಾಮಾ ಆರೋಗ್ಯ ಕಾಯ್ದೆಯ ಜೊತೆ, ಕಂಪನಿಗಳಿಂದ ಕೊಂಡ ಸಾಮಾನಿಗೂ 1099 ಕಳಿಸಬೇಕು ಅನ್ನುವ ನಿಯಮ ಬಂತು. ಪಿಜ್ಜಾ ಅಂಗಡಿಯವನು ಮೈದಾ ಮಾರಿದವರಿಗೂ ಚಾಡಿ ಚೀಟಿ ಬರೆಯಬೇಕಿತ್ತು! ಸಣ್ಣ ವ್ಯಾಪಾರಿಗಳು ಬೊಬ್ಬೆ ಹೊಡೆದು, ಜಾರಿಗೆ ಬರುವ ಮೊದಲೇ 2011ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮೊದಲೆಲ್ಲ ಕೆಲಸಗಾರನಿಗೆ ಜನವರಿ 31ಕ್ಕೆ ಕೊಟ್ಟು, ಕೆಂಪು ಪ್ರತಿಯನ್ನು ಸರ್ಕಾರಕ್ಕೆ ಫೆಬ್ರವರಿ ಕೊನೆಗೆ ಕಳಿಸಿದರೆ ಸಾಕಿತ್ತು. ಆ ಒಂದು ತಿಂಗಳೇ ತಪ್ಪು ತಿದ್ದುವ ಕಾಲ. ಸುಳ್ಳು ರೀಫಂಡ್ ಹೊಡೆಯುವ ಕಳ್ಳರನ್ನು ತಡೆಯಲು 2015ರ ಕಾಯ್ದೆ ಡಬ್ಲ್ಯೂ-2ಗಳಿಗೂ ದುಡಿಮೆಯ 1099ಗಳಿಗೂ ಎರಡೂ ಗಡುವನ್ನು ಜನವರಿ 31ಕ್ಕೇ ತಂದಿತು, 2017ರಿಂದ ಹಾಗೇ ಆಯಿತು. ಕಳ್ಳರ ಜೊತೆ ಶಾನುಭೋಗರ ಫೆಬ್ರವರಿಯೂ ಹೋಯಿತು. 2020ರ ಲೆಕ್ಕದಿಂದ ಕಂಟ್ರಾಕ್ಟರುಗಳಿಗೆ 1099-ಎನ್‌ಇಸಿ ಅನ್ನುವ ಪ್ರತ್ಯೇಕ ಫಾರಂ ಬಂತು. ಹೊಸದೇನಲ್ಲ, ಎಂಬತ್ತರ ದಶಕದ ಆರಂಭದವರೆಗೂ ಇದ್ದದ್ದೇ. 2024ರಿಂದ ಎಲ್ಲ ಬಗೆಯ ಫಾರಂಗಳು ಸೇರಿ ಹತ್ತಾದರೆ ಕಂಪ್ಯೂಟರಿನಲ್ಲೇ ಕಳಿಸಬೇಕು, ಮೊದಲು ಈ ಮಿತಿ 250 ಇತ್ತು. ಪುಟ್ಟ ಆಫೀಸುಗಳ ಕೆಂಪು ಕಾಗದದ ಕಾಲ ಬಹುಮಟ್ಟಿಗೆ ಮುಗಿಯಿತು. ಕೊನೆಗೆ ಆ ಹಠಮಾರಿ 600 ಕೂಡ ಕದಲಿತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯಂತೆ, 2026ರಿಂದ ಕೊಟ್ಟ ದುಡ್ಡಿಗೆ ಮಿತಿ 2,000 ಡಾಲರ್.

ಗಡುವು ಬದಲಾಯಿತು, ಮಿತಿ ಬದಲಾಯಿತು, ಕಾಗದವೇ ಮಾಯವಾಯಿತು. ಬದಲಾಗದ್ದು ಒಂದೇ: ಪಾವತಿಯೋ ಚಾಡಿಯೋ ಅಂತ ಆರಿಸುವವನು ದುಡ್ಡು ಕೊಡುವವನು, ಆ ಆಯ್ಕೆಯ ಭಾರ ಹೊರುವವನು ದುಡ್ಡು ತಗೊಂಡವನು. ನಡುವೆ ಕೂತವನೊಬ್ಬ "ಬ್ರಷ್ಷು ಯಾರದ್ದು?" ಅಂತ ಕೇಳಬಹುದು. ಕೇಳದೆಯೂ ಇರಬಹುದು. ನಾನು ಕೇಳಿರಲಿಲ್ಲ.

ಅಮೆರಿಕದಲ್ಲಿರುವ ಗೆಳೆಯರೇ, ಈ ಜನವರಿಯಲ್ಲಿ ನಿಮ್ಮ ಕೈಗೆ ಬರುವ ಕಾಗದ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಮನೆಗೆ ಬಣ್ಣ ಹೊಡೆಯುವವನಿಗೆ ಯಾವುದು ಬರುತ್ತದೆ ಅಂತಲೂ ಒಂದು ಮಾತು ಕೇಳಿ. ಏನಂತೀರಿ?