ಶ್ರೀರಂಗಪಟ್ಟಣದ ಮುತ್ತಿಗೆಯೂ ಲಂಬಾಣಿ ವರ್ತಕರೂ

ಯುದ್ಧಗಳ ಜಯಾಪಜಯವನ್ನು ವಿಚಾರಿಸುವಾಗ ಸೇನಾನಿಗಳ ಶೌರ್ಯವನ್ನೂ ವ್ಯೂಹರಚನೆಯನ್ನೂ ವರ್ಣಿಸುವುದು ವಾಡಿಕೆ. ದವಸವನ್ನು ಹೊತ್ತ ಎತ್ತುಗಳ ಮಾತು ಅಪರೂಪ. ಮೂರನೆಯ ಮೈಸೂರು ಯುದ್ಧದ ಎರಡು ದಂಡಯಾತ್ರೆಗಳನ್ನು ಹೋಲಿಸಿ ನೋಡಿದರೆ ಈ ಉಪೇಕ್ಷೆಯು ಯುಕ್ತವಲ್ಲವೆಂದು ತಿಳಿಯುತ್ತದೆ.

೧೭೯೧ನೆಯ ಮಾರ್ಚಿ ತಿಂಗಳಲ್ಲಿ ಬೆಂಗಳೂರನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ನಡೆದನು. ಟೀಪು ಸುಲ್ತಾನನು ದಾರಿಯಲ್ಲಿ ಮೇವೂ ಧಾನ್ಯವೂ ಶತ್ರುವಿಗೆ ದೊರೆಯದಂತೆ ಮಾಡಿದ್ದನು. ಜೊತೆಗಿದ್ದ ನಿಜಾಮನ ಕುದುರೆದಂಡಿಗೂ ಮೇವು ಬೇಕಾಗಿದ್ದಿತು. ಮೇ ೧೫ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಗೆದ್ದವನು ಕಾರ್ನ್‌ವಾಲಿಸನೇ. ಆದರೆ ಎತ್ತುಗಳು ಸತ್ತುಹೋಗಿದ್ದುದರಿಂದ, ಕೋಟೆಯನ್ನು ಒಡೆಯಲು ತಂದಿದ್ದ ಫಿರಂಗಿಗಳನ್ನು ಅವನು ತಾನೇ ಹಾಳುಮಾಡಿಸಿ ಹಿಂದಿರುಗಬೇಕಾಯಿತು. ದಾರಿಯಲ್ಲಿ ಹರಿಪಂತ, ಪರಶುರಾಮ ಭಾವು ಇವರ ಮರಾಠಾ ಸೈನ್ಯವು ಎದುರಾಯಿತು. ಅವರ ಪಾಳೆಯದ ಬಜಾರಿನಲ್ಲಿ ಧಾನ್ಯವು ಯಥೇಚ್ಛವಾಗಿದ್ದಿತು. ಬೆಲೆಯು ವಿಪರೀತವಾದರೂ ಹಸಿದ ದಂಡು ಅದನ್ನು ಕೊಂಡು ಬದುಕಿತು.

ಈ ಪಾಠವು ವ್ಯರ್ಥವಾಗಲಿಲ್ಲ. ಮುಂದಿನ ದಂಡಯಾತ್ರೆಗೆ ಧಾನ್ಯವನ್ನು ಒದಗಿಸುವ ಕಾರ್ಯದಲ್ಲಿ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡನು ಲಂಬಾಣಿಗರನ್ನು, ಎಂದರೆ ಕಂಪೆನಿಯವರು ಬ್ರಿಂಜಾರಿಗಳೆಂದು ಕರೆಯುತ್ತಿದ್ದ ವರ್ತಕರನ್ನು, ಒಲಿಸಿಕೊಂಡನು. ಇವರು ಸರಕಾರದ ಕೂಲಿಗಳಲ್ಲ. ಅಗ್ಗವಿದ್ದಲ್ಲಿ ಧಾನ್ಯವನ್ನು ಕೊಂಡು, ಸ್ವಂತ ಎತ್ತುಗಳ ಮೇಲೆ ಹೇರಿ, ಕೊರತೆಯಿದ್ದಲ್ಲಿ ಮಾರಿ ಲಾಭವನ್ನು ಪಡೆಯುವವರು. ದಾರಿಯಲ್ಲಿ ರಕ್ಷಣೆಯೂ ಪಾಳೆಯದಲ್ಲಿ ನ್ಯಾಯವಾದ ಬೆಲೆಯೂ ದೊರೆತರೆ ಇವರನ್ನು ಬಲಾತ್ಕರಿಸಬೇಕಾದ ಅಗತ್ಯವೇ ಇರಲಿಲ್ಲ. ೧೭೯೨ನೆಯ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನು ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಹಸಿವು ಅವನನ್ನು ಹಿಂದಟ್ಟಲಿಲ್ಲ. ಮಾರ್ಚಿಯ ಒಪ್ಪಂದದಂತೆ ಸುಲ್ತಾನನು ಅರ್ಧರಾಜ್ಯವನ್ನು ಬಿಟ್ಟುಕೊಟ್ಟನು.

ಹಾಗೆಂದು ಸಕಲವನ್ನೂ ವರ್ತಕರಿಗೇ ಒಪ್ಪಿಸಬಹುದೆಂದು ಹೇಳಲಾಗದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯನ್ನು ಟೀಪುವು ಅಮೃತಮಹಲ್ ಎಂದು ಕರೆದನು. ಅದರ ಎತ್ತುಗಳು ಫಿರಂಗಿಗಳನ್ನು ಎಳೆದು ಹೆಸರು ಪಡೆದಿದ್ದವು. ೧೭೯೯ರ ಬಳಿಕ ಆ ಹಿಂಡುಗಳು ಕಂಪೆನಿಯ ಕೈಸೇರಿದುವು. ೧೮೦೦ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಗೆ ಮೈಸೂರಿನ ಎತ್ತುಗಳೂ ಬ್ರಿಂಜಾರಿಗಳೂ ನೆರವಾದುವು. ಫಿರಂಗಿಯನ್ನು ಎಳೆಯುವ ಎತ್ತಿಗೆ ವರ್ಷವರ್ಷವೂ ಸಾಕಣೆ ಬೇಕು. ಅದು ರಾಜ್ಯದ ಕೆಲಸ. ಧಾನ್ಯವು ಲಾಭದ ಆಸೆಯಿಂದ ತಾನಾಗಿಯೇ ನಡೆದು ಬರುವುದು. ಅದು ವ್ಯಾಪಾರದ ಕೆಲಸ. ಈ ಭೇದವನ್ನು ಅರಿತ ದಂಡು ನಿಂತಿತು. ಅರಿಯದ ದಂಡು ಗೆದ್ದ ಕಾಳಗದಿಂದಲೂ ಬರಿಗೈಯಲ್ಲಿ ಹಿಂದಿರುಗಿತು.